ಮಾರುವ ಮನೆಗೂ ಒಂದು ಆರೈಕೆ

ಹೂಮಳೆ ಬಿದ್ದು ಒಂದು ವಾರವಾಗಿದೆ. ಬಾಳ್ಳುಪೇಟೆಯಲ್ಲಿ ಬಸ್ಸಿಳಿದು, ರಾಷ್ಟ್ರೀಯ ಹೆದ್ದಾರಿ 75ರ ಲಾರಿಗಳ ಗದ್ದಲವನ್ನು ಹಿಂದೆ ಬಿಟ್ಟು, ಆಲೂರು ಸೀಮೆಯ ಕಡೆಗೆ ಹೊರಳುವ ಒಳದಾರಿಯಲ್ಲಿ ಒಂದಿಷ್ಟು ದೂರ ನಡೆದರೆ ಸಾಕು, ಗಾಳಿಯೇ ಬೇರೆಯಾಗುತ್ತದೆ. ದಾರಿಯ ಎರಡೂ ಮಗ್ಗುಲಲ್ಲಿ ರೊಬಸ್ಟಾ ಗಿಡಗಳು ರೆಕ್ಕೆರೆಕ್ಕೆಗೂ ಬಿಳಿ ಹೂ ಹೊತ್ತು ಬಾಗಿವೆ. ಆ ಪರಿಮಳ ಬೆಳಗಿನ ಮಂಜಿನಲ್ಲಿ ಬೆರೆತು ಉಟ್ಟ ಬಟ್ಟೆಗೂ ಅಂಟಿಕೊಳ್ಳುತ್ತದೆ. ಸಿಲ್ವರ್ ಓಕಿನ ಮೈಗೆ ಹಬ್ಬಿದ ಮೆಣಸಿನ ಬಳ್ಳಿಗಳ ನಡುವೆ ಜೇನ್ನೊಣಗಳ ಮೊರೆತ ಎಡೆಬಿಡದೆ ಕೇಳುತ್ತದೆ. ಬನ್ನಿ, ಇನ್ನೂ ಸ್ವಲ್ಪ ಮುಂದೆ ಹೋಗೋಣ. ಬೇಲಿಯ ಹಾಲವಾಣದ ಮರ ದಾಟಿದ ಮೇಲೆ ಹೂವಿನ ವಾಸನೆಯ ಅಡಿಯಿಂದ ಇನ್ನೊಂದು ವಾಸನೆ ಏಳುತ್ತದೆ: ನೆಂದ ಸುಣ್ಣ, ಹುಳಿ ಬಂದ ಬೆಲ್ಲ, ಒಗರೊಗರಾದ ಅಳಲೆಕಾಯಿ ನೀರು. ಅದರ ಬೆನ್ನಿಗೇ ಸದ್ದು. ಕಬ್ಬಿಣ ಕಲ್ಲಿಗೆ ತಾಗುವ ಸಣ್ಣ ಸದ್ದು. ಮೂರು ಸಲ ಬಡಿದು, ಒಮ್ಮೆ ನಿಂತು, ಮತ್ತೆ ಮೂರು ಸಲ.

ಸುತ್ತಲಿನವರ ಬಾಯಲ್ಲಿ ಇದು ‘ಕಲ್ಮನೆ’. ಹಾಸನ ಜಿಲ್ಲೆಯ ಮಲೆನಾಡಿನಲ್ಲಿ ಹಳೇ ಮನೆ ಎಂದರೆ ಮಣ್ಣಿನ ದಪ್ಪ ಗೋಡೆ, ನಡುವೆ ತೊಟ್ಟಿ, ಮರದ ಕಂಬ, ಅಟ್ಟ, ಮೇಲೆ ಹೆಂಚು. ಕಲ್ಲಿಗೆ ಅಲ್ಲಿರುವ ಜಾಗ ತಳಪಾಯ, ಮೆಟ್ಟಿಲು ಮತ್ತು ಕಂಬದ ಬುಡ, ಅಷ್ಟೇ. ಈ ಮನೆ ಹಾಗಲ್ಲ. ನೆಲದಿಂದ ಸೂರಿನವರೆಗೆ ಬರೀ ಕಲ್ಲು. ಒಂದೂವರೆ ಅಡಿ ದಪ್ಪದ ಗೋಡೆಗೆ ಒಳಗೂ ಗಾರೆಯಿಲ್ಲ, ಹೊರಗೂ ಇಲ್ಲ. ಕಿಟಕಿಗಳ ನೆತ್ತಿಯಲ್ಲಿ ಮರದ ತೊಲೆಯ ಬದಲು ಕಮಾನು. ಬೆಣೆಯಾಕಾರಕ್ಕೆ ಕಡಿದ ಕಲ್ಲುಗಳು ಒಂದನ್ನೊಂದು ಒತ್ತಿ ಹಿಡಿದು ನಿಂತಿವೆ. ಜಗಲಿಯ ಕಂಬಗಳು ಒಂದೊಂದೂ ಒಂದೇ ಕಲ್ಲು. ಅಡುಗೆಮನೆಯ ಗೂಡಿನ ಹಲಗೆಗಳು ಕಲ್ಲಿನ ಚಪ್ಪಡಿ, ಬಚ್ಚಲಲ್ಲಿ ನೀರು ತುಂಬುವುದು ಇಡೀ ಬಂಡೆಯನ್ನು ಕೊರೆದು ಮಾಡಿದ ಕಲ್ಬಾನಿ, ಸೂರಿನ ನೀರು ಹಿಡಿದು ಅಂಗಳದ ಮೂಲೆಗೆ ಸಾಗಿಸುವ ದೋಣಿಯೂ ಕಲ್ಲಿನದೇ. ಮೊದಲ ಸಲ ನೋಡಿದವರಿಗೆ ರೈಲು ಸೇತುವೆಯ ಒಂದು ಕಣ್ಣನ್ನು ತಂದು ತೋಟದ ನಡುವೆ ನಿಲ್ಲಿಸಿದ ಹಾಗೆ ಅನ್ನಿಸಿದರೆ, ಅವರು ನಿಜಕ್ಕೆ ಹತ್ತಿರವೇ ಇದ್ದಾರೆ.

ಏಕೆಂದರೆ ಈ ಮನೆ ಕಟ್ಟಿಸಿದವರು ಹಾಸನ–ಮಂಗಳೂರು ರೈಲುದಾರಿಯ ಕೆಲಸಕ್ಕೆ ಕಲ್ಲು ಒದಗಿಸುತ್ತಿದ್ದವರು. ಇದೇ ಬಾಳ್ಳುಪೇಟೆಯ ಮೇಲೆ ಹಾದು, ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿ.ಮೀ. ಘಟ್ಟ ಇಳಿಯುವ ಆ ದಾರಿಗೆ 57 ಸುರಂಗ, ನೂರಕ್ಕೂ ಮಿಕ್ಕಿ ಸೇತುವೆ. 1979ರಲ್ಲಿ ಅದು ಪೂರ್ತಿಯಾಗುವವರೆಗೆ ಈ ಗುಡ್ಡಗಳ ತುಂಬ ಕಲ್ಲುಕುಟಿಗರ ಬಿಡಾರಗಳಿದ್ದವು. ಕೆಲಸ ಕಡಿಮೆಯಾದಾಗಲೆಲ್ಲ ಆ ಕೈಗಳನ್ನೇ ಕರೆದು, ಸೇತುವೆಯ ಬುಡ ಕಟ್ಟಿದ ರೀತಿಯಲ್ಲೇ ತನಗೊಂದು ಮನೆ ಕಟ್ಟಿಕೊಡಿ ಎಂದರಂತೆ ಅವರು. ಆಮೇಲೆ ಒಂದಿಷ್ಟು ಕಾಫಿ ತೋಟ ಮಾಡಿದರು, ಮಕ್ಕಳನ್ನು ಓದಿಸಿದರು, ಹೆಂಡತಿಯನ್ನು ಕಳೆದುಕೊಂಡರು, ಕೊನೆಗೆ ಇದೇ ಜಗಲಿಯ ಕಲ್ಲುಕಟ್ಟೆಯ ಮೇಲೆ ಕೂತು ಕಾಫಿ ಕುಡಿಯುತ್ತಾ ಮುಪ್ಪು ಕಳೆದರು. ಅವರು ಹೋದ ಮೇಲೆ ಎರಡು ಮಳೆಗಾಲ ಮನೆಗೆ ಬೀಗ ಬಿತ್ತು. ಮಗಳು ಹಾಸನದಲ್ಲಿ ಮೇಷ್ಟರ ಕೆಲಸ, ಮಗ ಬೆಂಗಳೂರು. ಮಾರುವುದೆಂದು ಇಬ್ಬರೂ ತೀರ್ಮಾನಿಸಿದ್ದಾರೆ. ಆದರೆ ಸರಿಮಾಡಿಸಿಯೇ ಮಾರುವುದು ಎಂದು ಮಗಳು ಹಟ ಹಿಡಿದರು. ಆ ಹಟದ ಕೆಲಸ ಈಗ ನಮ್ಮ ಕಣ್ಣೆದುರು ನಡೆಯುತ್ತಿದೆ.

ಮೇಸ್ತ್ರಿಗೆ ಎಪ್ಪತ್ತು ದಾಟಿರಬೇಕು. ಬಲಗೈಯಲ್ಲಿ ಸುತ್ತಿಗೆ, ಎಡಗೈಯಲ್ಲಿ ಚೂಪು ಚಾಣ. ಗೋಡೆಯ ಹತ್ತಿರ ಕಿವಿ ತಂದು ಒಂದೊಂದು ಕಲ್ಲನ್ನೂ ಮೆಲ್ಲಗೆ ತಟ್ಟುತ್ತಾರೆ. ಗಟ್ಟಿಯಾಗಿ ಕೂತ ಕಲ್ಲು ಕಂಚಿನ ದನಿ ಕೊಡುತ್ತದೆ. ಹಿಂದೆ ಪೊಳ್ಳು ಬಿದ್ದ ಕಲ್ಲು ದೊಬ್ ಎನ್ನುತ್ತದೆ. ದೊಬ್ ಎಂದಲ್ಲಿ ಸೀಮೆಸುಣ್ಣದ ಗೀಟು. ಮೇಲಿನ ಸಾಲಿನಿಂದ ಶುರುವಾಗಿ ನೆಲದ ಸಾಲಿಗೆ ಬರುವಷ್ಟರಲ್ಲಿ ಬಡಗಣ ಗೋಡೆಯ ಮೇಲೆ ಗೀಟುಗಳೇ ಗೀಟುಗಳು. ಕಾರಣವೂ ಅಲ್ಲೇ ಕಾಣುತ್ತದೆ. ಒಂದು ಕಾಲದಲ್ಲಿ ಯಾರೋ ಸಲಹೆ ಕೊಟ್ಟು ಕಲ್ಲಿನ ಸಂದುಗಳಿಗೆಲ್ಲ ಸಿಮೆಂಟು ಮೆತ್ತಿಸಿದ್ದಾರೆ. ಮೇಲುನೋಟಕ್ಕೆ ಭದ್ರ. ಆದರೆ ಹೆಂಚು ಜರುಗಿದಲ್ಲಿಂದ ಗೋಡೆಯ ನೆತ್ತಿಗೆ ಇಳಿದ ನೀರು, ನೆಲದಿಂದ ಏರಿದ ತೇವ ಎರಡೂ ಆಚೆ ಬರಲಾಗದೆ ಒಳಗಿನ ಹಳೇ ಸುಣ್ಣವನ್ನು ಕರಗಿಸಿ ತಿಂದಿವೆ. ಸಿಮೆಂಟಿನ ಅಂಚಿನಲ್ಲಿ ಬೆಳ್ಳಗೆ ಉಪ್ಪು ಹೂಬಿಟ್ಟಿದೆ. ಬೆರಳಲ್ಲಿ ಮುಟ್ಟಿದರೆ ಪುಡಿಪುಡಿಯಾಗಿ ಉದುರುತ್ತದೆ.

“ನೀರಿಗೆ ಒಳಗೆ ಬರಾಕೆ ಮೇಲೆ ದಾರಿ ಬಿಟ್ಟವ್ರೆ, ಆಚೆ ಹೋಗೋ ಬಾಗ್ಲಿಗೆ ಬೀಗ ಜಡಿದವ್ರೆ ಅಕ್ಕೋರೆ,” ಎಂದರು ಮೇಸ್ತ್ರಿ, ಚಾಣದ ತುದಿಯಿಂದ ಒಂದು ಸಿಮೆಂಟು ಹಕ್ಕಳೆ ಎಬ್ಬಿಸುತ್ತಾ.

“ಎಲ್ಲಾನೂ ಕೆರೆದು ತೆಗೀಬೇಕಾ ಹಾಗಾದ್ರೆ?”

“ಎಲ್ಲಾನೂ. ಮಿಷನ್ ಬ್ಯಾಡ. ಕಲ್ಲಿನ ಅಂಚು ಹಾರ್ತದೆ.”

ಹೀಗಾಗಿ ಕೆಲಸ ನಿಧಾನ. ಇಬ್ಬರು ಆಳುಗಳು ಅಟ್ಟಣಿಗೆಯ ಮೇಲೆ ಕೂತು ಬೆರಳಗಲದ ಸಂದನ್ನು ಒಂದೂವರೆ ಅಂಗುಲ ಆಳಕ್ಕೆ ಬಿಡಿಸುತ್ತಾ, ಕುಂಚದಲ್ಲಿ ಧೂಳು ಗುಡಿಸುತ್ತಾ, ನೀರು ಚಿಮುಕಿಸುತ್ತಾ ಸಾಗುತ್ತಾರೆ. ನೀರು ಬಿದ್ದ ಕ್ಷಣ ಬೂದುಬಣ್ಣದ ಕಲ್ಲಿನಲ್ಲಿ ಕಪ್ಪು, ಬಿಳಿ, ನಸುಗೆಂಪು ಪಟ್ಟೆಗಳು ಎದ್ದು ಕಾಣುತ್ತವೆ. ಈ ಪಟ್ಟೆಗಲ್ಲಿನ ವಯಸ್ಸು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಇಲ್ಲಿಂದ ದೂರವಲ್ಲದ ಗೊರೂರಿನ ಸುತ್ತಿನ ಇಂಥದೇ ಶಿಲೆಯನ್ನು ಭೂವಿಜ್ಞಾನಿಗಳು ಸುಮಾರು 330 ಕೋಟಿ ವರ್ಷ ಹಳೆಯದೆಂದು ಗುರುತಿಸಿದ್ದಾರೆ. ಬೇಲೂರು, ಹಳೇಬೀಡಿನ ಶಿಲ್ಪಿಗಳು ಆರಿಸಿಕೊಂಡ ಬಳಪದ ಕಲ್ಲು ಮೆದು. ಉಳಿಗೆ ಬಾಗುತ್ತದೆ, ಜಾಲರಿಯಾಗುತ್ತದೆ, ಮದನಿಕೆಯ ಬಳೆಯಾಗುತ್ತದೆ. ಈ ಕಲ್ಲು ಹಾಗೆ ಬಗ್ಗುವ ಜಾತಿಯದಲ್ಲ. ಒಂದು ಘನ ಅಡಿಗೆ 75 ಕಿಲೋ ತೂಗುವ ಇದನ್ನು ಸಾಲಾಗಿ ಕುಳಿ ತೋಡಿ, ಬೆಣೆ ಇಟ್ಟು, ಸಮ್ಮಟಿಗೆಯಲ್ಲಿ ಸರದಿಯ ಮೇಲೆ ಬಡಿದು ಸೀಳಬೇಕು. ಆ ಅರ್ಧಚಂದ್ರದ ಕುಳಿಗಳ ಗುರುತು ಜಗಲಿಯ ಕಂಬಗಳ ಬೆನ್ನಲ್ಲಿ ಈಗಲೂ ಇದೆ. ಚಪ್ಪಡಿ ಬೇಕೆಂದರೆ ಬಂಡೆಯ ಮೇಲೆ ಸೌದೆ ಹರಡಿ ಬೆಂಕಿ ಹಾಕಿ, ಕಾವಿಗೆ ಪದರ ಬಿಟ್ಟುಕೊಳ್ಳುವ ಸದ್ದನ್ನು ಆಲಿಸುತ್ತಾ ಎಬ್ಬಿಸುತ್ತಿದ್ದರು ಎಂದು ಮೇಸ್ತ್ರಿ ಕೈಯಾಡಿಸಿ ತೋರಿಸಿದರು.

ಬಡಗಣ ಗೋಡೆಯ ಒಂದು ಕಲ್ಲು ಪೂರ್ತಿ ಸಡಿಲಾಗಿತ್ತು. ಅದನ್ನು ಹಾರೆಯಲ್ಲಿ ಮೀಟಿ ಕೆಳಗಿಳಿಸಿ ಮಗುಚಿದಾಗ, ಗೋಡೆಯೊಳಗೆ ಅಡಗಿದ್ದ ಮುಖದಲ್ಲಿ ಒಂದು ಗುರುತು ಕಂಡಿತು: ಒಂದು ಗೀರು, ಅದರ ಮೇಲೆ ಸಣ್ಣ ವೃತ್ತ, ವೃತ್ತದ ನಡುವೆ ಚುಕ್ಕಿ. ಕಿರುಬೆರಳಿನಷ್ಟು ಉದ್ದ. ಮಗಳು ಸೆರಗಿನಲ್ಲಿ ಒರೆಸಿ ಬೆರಳಾಡಿಸಿ ನೋಡಿದರು. ಅದು ಕೂಲಿ ಲೆಕ್ಕದ ಗುರುತು ಎಂದರು ಮೇಸ್ತ್ರಿ. ದಿನದ ಕೊನೆಗೆ ಯಾರು ಎಷ್ಟು ಕಲ್ಲು ಕಡಿದರು ಎಂದು ಎಣಿಸಬೇಕಲ್ಲ, ಓದು ಬಾರದವನಿಗೂ ಅವನದೇ ಒಂದು ಗುರುತು. ಹೊಯ್ಸಳರ ಕಾಲದ ಮಲ್ಲಿತಮ್ಮ ಸೋಮನಾಥಪುರದ ಮೂರ್ತಿಗಳ ಕೆಳಗೆ ತನ್ನ ಹೆಸರು ಕೊರೆದಿಟ್ಟ, ಇಂದಿಗೂ ಓದುತ್ತೇವೆ. ಬಾಳ್ಳುಪೇಟೆಯ ಈ ಕಲ್ಲಿನವನ ಹೆಸರು ಯಾರಿಗೂ ತಿಳಿಯದು. ಆದರೆ ಗೋಡೆಯನ್ನು ಒಡೆದು ಲಾರಿಗೆ ತುಂಬಿಸಿದ್ದರೆ ಆ ಗುರುತೂ ಜಲ್ಲಿ ಯಂತ್ರದ ಬಾಯಿಗೆ ಹೋಗುತ್ತಿತ್ತು. ಕಲ್ಲನ್ನು ಮತ್ತೆ ಅದೇ ಜಾಗಕ್ಕೆ, ಅದೇ ಮುಖ ಒಳಗೆ ಮಾಡಿ ಕೂರಿಸಿದರು. ಮಗಳು ಅದಕ್ಕೆ ಮುಂಚೆ ಒಂದು ಫೋಟೊ ತೆಗೆದುಕೊಂಡರು.

ಇನ್ನು ಅಂಗಳದ ಕಡೆ ಬನ್ನಿ. ಒಂದು ಕಾಲಕ್ಕೆ ಕಾಫಿ ಒಣಗಿಸುತ್ತಿದ್ದ ಕಣವೇ ಈಗ ಸುಣ್ಣದ ಕಾರ್ಖಾನೆ. ಕರಾವಳಿಯಿಂದ ಬಂದ ಚಿಪ್ಪುಸುಣ್ಣ ಒಂದು ಕಡೆ, ಜರಡಿ ಹಿಡಿದ ಹೊಳೆಮರಳು ಇನ್ನೊಂದು ಕಡೆ, ಒಡೆದ ಹೆಂಚುಗಳನ್ನು ಕುಟ್ಟಿ ಮಾಡಿದ ಕೆಂಪು ಪುಡಿ ಮತ್ತೊಂದು ಕಡೆ. ಪೀಪಾಯಿಯಲ್ಲಿ ಬೆಲ್ಲ ಮತ್ತು ಜಜ್ಜಿದ ಅಳಲೆಕಾಯಿ ಕೊಳೆಯುತ್ತಿವೆ. ಮೇಲೆ ನೊರೆ ಕಟ್ಟಿದೆ. ದಾರಿಯಲ್ಲಿ ನಮ್ಮ ಮೂಗಿಗೆ ಬಂದದ್ದು ಇದೇ. ಸುಣ್ಣಕ್ಕೆ ನೀರು ಬಿಟ್ಟ ದಿನ ಅದು ಕೊತಕೊತ ಕುದಿದು ಹಬೆ ಎಬ್ಬಿಸಿತ್ತಂತೆ. ಆಮೇಲೆ ವಾರಗಟ್ಟಲೆ ನೀರಿನಡಿಯಲ್ಲೇ ನೆನೆದು ಈಗ ಬೆಣ್ಣೆಯ ಹದಕ್ಕೆ ಬಂದಿದೆ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಮತ್ತು ಹೆಂಚಿನ ಪುಡಿ ಹಾಕಿ, ಬೆಲ್ಲದ ನೀರು ಚಿಮುಕಿಸುತ್ತಾ, ಇಬ್ಬರು ಹೆಣ್ಣಾಳುಗಳು ಒನಕೆಯಲ್ಲಿ ಕುಟ್ಟುತ್ತಿದ್ದಾರೆ. ಒಂದು ಒನಕೆ ಏಳುವಾಗ ಇನ್ನೊಂದು ಇಳಿಯಬೇಕು. ಬಾಯಿಮಾತಿಗೂ ಅದೇ ಲಯ. ಒಬ್ಬಾಕೆ ಮಗಳ ಮದುವೆಯ ಸಂಗತಿ ಅರ್ಧ ಹೇಳಿ ನಿಲ್ಲಿಸುತ್ತಾಳೆ, ಇನ್ನೊಬ್ಬಾಕೆ ಹೂಂಗುಟ್ಟುತ್ತಾಳೆ, ಮತ್ತೆ ಒನಕೆ.

ಸುಣ್ಣದ ಗುಣವೇ ವಿಚಿತ್ರ. ಚಿಪ್ಪನ್ನೋ ಸುಣ್ಣದಕಲ್ಲನ್ನೋ ಗೂಡಿನಲ್ಲಿ ಸುಮಾರು 900 ಡಿಗ್ರಿಗೆ ಸುಟ್ಟಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ. ಗೋಡೆಯ ಸಂದಿಗೆ ಸೇರಿದ ಮೇಲೆ ಅದೇ ಅನಿಲವನ್ನು ಗಾಳಿಯಿಂದ ಮರಳಿ ಎಳೆದುಕೊಂಡು, ತಿಂಗಳು, ವರ್ಷಗಳ ಅವಧಿಯಲ್ಲಿ ತಿರುಗಿ ಕಲ್ಲಾಗುತ್ತದೆ. ಸಿಮೆಂಟಿಗಿಂತ ಮೆತ್ತಗೆ ನಿಲ್ಲುವುದರಿಂದ ಗೋಡೆ ತುಸು ಅಲುಗಿದರೂ ತಾನು ಹೊಂದಿಕೊಳ್ಳುತ್ತದೆ. ಒಳಗಿನ ತೇವವನ್ನು ತಡೆಯದೆ ಆಚೆ ಬಿಡುತ್ತದೆ. ಅದಕ್ಕೆ ಬೇಕಾದದ್ದು ನೆರಳು ಮತ್ತು ಒದ್ದೆ ಗೋಣಿಚೀಲ. ಬಿಸಿಲಿಗೆ ಬೇಗ ಒಣಗಿದರೆ ಬಿರುಕು, ಮಳೆಗೆ ಸಿಕ್ಕರೆ ತೊಳೆದುಹೋಗುತ್ತದೆ. ಆದ್ದರಿಂದಲೇ ಈ ಆತುರ. ಮುಂಗಾರಿಗೆ ಮುನ್ನ ಗೋಡೆ ಮುಗಿಯಬೇಕು, ಗೋಡೆ ಮುಗಿಯುವ ಮುನ್ನ ಸೂರು ಮುಗಿಯಬೇಕು.

“ಸುಣ್ಣ ನಿಲ್ತದಾ ಅಂತ ಕೇಳ್ತಾರೆ ಜನ. ದೋಣಿಗಲ್ಲಿಗೆ ಹೋಗಿ ಕೋಟೆ ನೋಡ್ಕೊಂಡು ಬರ್ಲಿ,” ಎನ್ನುತ್ತಾರೆ ಮೇಸ್ತ್ರಿ. ಸಕಲೇಶಪುರದಾಚೆಯ ಮಂಜರಾಬಾದ್ ಕೋಟೆ ಅದು. 1792ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ ಆ ಎಂಟು ಮೂಲೆಯ ನಕ್ಷತ್ರದ ಗೋಡೆಗಳು ಇದೇ ಗುಡ್ಡದ ಕಲ್ಲು ಮತ್ತು ಸುಣ್ಣದಲ್ಲಿ ಕಟ್ಟಿದವು. ಇನ್ನೂರು ಚಿಲ್ಲರೆ ಮುಂಗಾರು ಕಂಡಿವೆ. ಶೆಟ್ಟಿಹಳ್ಳಿಯ ಇಗರ್ಜಿಯದು ಇನ್ನೊಂದು ಬಗೆಯ ಸಾಕ್ಷಿ. ಗೊರೂರಿನ ಹೇಮಾವತಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಏಳುತ್ತಾ ದಶಕಗಳೇ ಕಳೆದರೂ, ಸೂರು ಕಳೆದುಕೊಂಡ ಅದರ ಗೋಡೆಗಳು ಸುಣ್ಣದ ಬಲದಲ್ಲೇ ಇಷ್ಟು ಕಾಲ ತಡೆದವು.

ಸೂರಿನ ಕೆಲಸ ಬಡಗಿ ಆಚಾರರದು. ಹೆಂಚುಗಳನ್ನೆಲ್ಲ ಇಳಿಸಿ ಕಲ್ಬಾನಿಯ ಪಕ್ಕ ಸಾಲಾಗಿ ಒರಗಿಸಿದ್ದಾರೆ. ಎರಡೂವರೆ ಕಿಲೋ ತೂಗುವ ಒಂದೊಂದನ್ನೂ ತೆಂಗಿನ ನಾರಿನಲ್ಲಿ ಉಜ್ಜಿ ಪಾಚಿ ತೆಗೆದು, ಬೆರಳಗಂಟಿನಲ್ಲಿ ಬಡಿದು ಸದ್ದು ಕೇಳಿ, ಬಿರಿದದ್ದನ್ನು ಪುಡಿಗೆ, ಗಟ್ಟಿಯದನ್ನು ಸೂರಿಗೆ ವಿಂಗಡಿಸುತ್ತಾರೆ. ಬೆನ್ನಿನ ಮೇಲೆ ಮಂಗಳೂರಿನ ಕಾರ್ಖಾನೆಯ ಅಚ್ಚು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚು ಸುಡಲು ಶುರುಮಾಡಿದ ಮೇಲೆ ಘಟ್ಟದ ಮೇಲಿನ ಮನೆಗಳ ಹುಲ್ಲೂ ನಾಡಹೆಂಚೂ ಮೆಲ್ಲಗೆ ಕೆಳಗಿಳಿದು, ಈ ಕೆಂಪು ಸೂರೇ ಮಲೆನಾಡಿನ ಗುರುತಾಯಿತು. ಪಕಾಸಿಗಳಲ್ಲಿ ಗೋಡೆಗೆ ಕೂತ ತುದಿಗಳಿಗೆ ಮಾತ್ರ ಗೆದ್ದಲು ಹಿಡಿದಿದೆ. ಇಡೀ ಮರ ಬದಲಿಸುವುದಿಲ್ಲ ಆಚಾರರು. ಕೊಳೆತದ್ದನ್ನು ಓರೆಯಾಗಿ ಕೊಯ್ದು, ಹಲಸಿನ ಹೊಸ ತುಂಡನ್ನು ಕಚ್ಚು ಕೊಟ್ಟು ಜೋಡಿಸಿ ಮರದ ಗೂಟ ಹೊಡೆಯುತ್ತಾರೆ. ಅರಿಶಿನ ಬಣ್ಣದ ಹೊಸ ಹಲಸು ಕಪ್ಪಾದ ಹಳೇ ಮರದ ಪಕ್ಕ ಎದ್ದು ಕಾಣುತ್ತದೆ. ಬಣ್ಣ ಬಳಿದು ಮರೆಸಲೇ ಎಂದು ಕೇಳಿದರು. ಬೇಡ, ಕೊಂಡವರಿಗೆ ಯಾವುದು ಹೊಸದು ಯಾವುದು ಹಳೆಯದು ಎಂದು ಕಾಣಲಿ ಎಂದರು ಮಗಳು. ನನಗೆ ತುಂಬ ಹಿಡಿಸಿದ ಮಾತು ಅದು.

ಕೊಳ್ಳುವವರು ಬಂದದ್ದು ಹಲವು ಬಗೆ. ಮೊದಲು ಬಂದವನು ಹಳೇ ಮರದ ವ್ಯಾಪಾರಿ. ಅವನು ಮನೆಯೊಳಗೆ ಕಾಲಿಡಲೇ ಇಲ್ಲ. ಜಗಲಿಯಲ್ಲಿ ನಿಂತು ಕಂಬ, ಬಾಗಿಲವಾಡ, ಪಕಾಸಿ, ಕಲ್ಬಾನಿ ಎಲ್ಲಕ್ಕೂ ಬಿಡಿಬಿಡಿ ಬೆಲೆ ಕಟ್ಟಿದ. ಕಲ್ಲಿಗೆ ಲೋಡಿನ ಲೆಕ್ಕ. ಮಲೆನಾಡಿನ ಎಷ್ಟೋ ಮನೆಗಳು ಹೋಗಿರುವುದು ಹೀಗೆಯೇ, ಅಂಗಾಂಗವಾಗಿ. ಬಿಚ್ಚಿದ ಮನೆಗೂ ಒಳ್ಳೆಯ ಗತಿ ಸಿಗುವುದುಂಟು, ಇಲ್ಲವೆನ್ನಲಾರೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು, ಕೆಡವಲು ಹೊರಟಿದ್ದ ಮನೆಗಳನ್ನು ಒಂದೊಂದು ತೊಲೆಗೂ ಗುರುತು ಹಾಕಿ ಬಿಚ್ಚಿ ತಂದು ಮತ್ತೆ ಕಟ್ಟಿ ನಿಲ್ಲಿಸಿದರು. 1816ರ ಕುಂಜೂರು ಚೌಕಿಮನೆ ಇಂದು ಅವರ ಹಸ್ತಶಿಲ್ಪ ಹಳ್ಳಿಯಲ್ಲಿ ಉಳಿದಿರುವುದು ಆ ಶ್ರದ್ಧೆಯಿಂದ. 2017ರಲ್ಲಿ ತೀರಿಕೊಂಡ ಆ ಬ್ಯಾಂಕ್ ನೌಕರನಂಥ ಮನುಷ್ಯರು ಊರಿಗೊಬ್ಬರು ಹುಟ್ಟುವುದಿಲ್ಲ. ಮರದ ಮನೆ ಬಿಚ್ಚಿ ಕಟ್ಟಬಹುದು; ಕಲ್ಲಿನ ಕಮಾನು ಇಳಿಸಿ ಮತ್ತೆ ಕಟ್ಟುವುದು ಅಷ್ಟು ಸುಲಭವಲ್ಲ.

ಆಮೇಲೆ ಬಂದವರು ರೆಸಾರ್ಟಿನವರು. ಕಲ್ಲಿನ ಗೋಡೆ ಅವರಿಗೆ ಇಷ್ಟವಾಯಿತು, ಆದರೆ ಬಡಗಣ ಗೋಡೆ ಒಡೆದು ನೆಲದಿಂದ ಸೂರಿನವರೆಗೆ ಗಾಜು ಹಾಕುವ ಯೋಚನೆ. ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದೆಂದು 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಇಂಥ ವಿಚಾರಣೆಗಳು ಈ ಸೀಮೆಯಲ್ಲಿ ಜಾಸ್ತಿ. ಬಂದವರು ಕೇಳುವ ಮೊದಲ ಪ್ರಶ್ನೆ ಹೆದ್ದಾರಿಗೆ ಎಷ್ಟು ದೂರ, ಎರಡನೆಯದು ಆನೆ ಬರುತ್ತದಾ. ಬರುತ್ತದೆ ಎಂದೇ ಮಗಳು ಹೇಳುತ್ತಿದ್ದರು. ಆಲೂರು, ಸಕಲೇಶಪುರದ ತೋಟಗಳಲ್ಲಿ ಅದನ್ನು ಮುಚ್ಚಿಟ್ಟು ಮನೆ ಮಾರುವುದು ಸಲ್ಲದು.

ಕಾಗದಪತ್ರದ ಕೆಲಸ ಗಾರೆಯ ಕೆಲಸಕ್ಕಿಂತ ಕಡಿಮೆಯದಲ್ಲ, ಆದರೆ ಅಲ್ಲಿ ನೋಡಲು ಏನೂ ಇಲ್ಲ. ತಂದೆ ಸ್ವಂತ ದುಡಿಮೆಯಲ್ಲಿ ಕೊಂಡ ಆಸ್ತಿ, ಉಯಿಲು ಬರೆದಿರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಮಗನಿಗೂ ಮಗಳಿಗೂ ಸಮಪಾಲು. ವಂಶವೃಕ್ಷ, ಪೌತಿ ಖಾತೆ, ಋಣಭಾರ ಪತ್ರ, ಮನೆಯಡಿಯ ಜಾಗ ಭೂಪರಿವರ್ತನೆಯಾಗಿದೆಯೇ ಇಲ್ಲವೇ ಎಂಬ ತಕರಾರು, ಇ-ಸ್ವತ್ತು, ತುಂಡು ಮಾರುವುದಾದರೆ 11ಇ ನಕ್ಷೆ. 2025ರ ಆಗಸ್ಟ್ ಕೊನೆಯಿಂದ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ. 1ರಿಂದ ಶೇ. 2ಕ್ಕೆ ಏರಿದ್ದೂ ಕೊಳ್ಳುವವರ ಲೆಕ್ಕಕ್ಕೆ ಸೇರಿತು. ಅಕ್ಕ ತಮ್ಮ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಕಾದು ಇದನ್ನೆಲ್ಲ ಮಾಡಿಸಿದರು. ಆಸ್ತಿಯ ಸುದ್ದಿ ಬಂದರೆ ಮಾತು ಬಿಡುವ ಮನೆಗಳೇ ಹೆಚ್ಚಿರುವಾಗ ಇದು ಸಣ್ಣ ಸಂಗತಿಯಲ್ಲ. ರಿಪೇರಿಯ ಖರ್ಚಿಗೆ ಮೊದಮೊದಲು ತಮ್ಮ ಗೊಣಗಿದ್ದೂ ನಿಜ. “ಮಾರೋ ಮನೆಗೆ ಯಾಕಕ್ಕ ಇಷ್ಟೊಂದು?” ಎಂದು ಕೇಳಿದ್ದರಂತೆ. ಅಕ್ಕ ಜಗಳವಾಡಲಿಲ್ಲ, ಒಂದು ಭಾನುವಾರ ಕರೆತಂದು ಕಲ್ಲು ತಟ್ಟಿಸಿದರು. ಕಂಚಿನ ದನಿಯನ್ನೂ ದೊಬ್ ಎಂಬ ದನಿಯನ್ನೂ ಕಿವಿಯಾರೆ ಕೇಳಿಸಿಕೊಂಡ ಮೇಲೆ ತಮ್ಮನೇ ಮೇಸ್ತ್ರಿಯ ಕೂಲಿ ಲೆಕ್ಕ ಬರೆಯತೊಡಗಿದರು.

ಕೆಲಸವೆಲ್ಲ ಮುಗಿದ ಮೇಲೆ, ಕೊನೆಗೆ ಮನೆ ಹೋದದ್ದು ಮಂಗಳೂರಿನಿಂದ ಬಂದು ಇಲ್ಲೇ ನೆಲೆಸಬೇಕೆಂದಿದ್ದ ನಿವೃತ್ತ ದಂಪತಿಗೆ. ರೆಸಾರ್ಟಿನವರು ಹೇಳಿದ್ದಕ್ಕಿಂತ ಕಡಿಮೆ, ಮರದ ವ್ಯಾಪಾರಿ ಹೇಳಿದ್ದಕ್ಕಿಂತ ಬಹಳ ಹೆಚ್ಚು. ಕರಾರಿನ ದಿನ ಬೀಗದ ಕೈ ಜೊತೆಗೆ ಒಂದು ನೋಟುಪುಸ್ತಕವನ್ನೂ ಕೊಟ್ಟರು ಮಗಳು. ಸುಣ್ಣ, ಮರಳಿನ ಪಾಲು, ಅಳಲೆಕಾಯಿ ಎಷ್ಟು ದಿನ ನೆನೆಯಬೇಕು, ಯಾವ ಪಕಾಸಿಗೆ ಹೊಸ ತುದಿ, ಮೇಸ್ತ್ರಿಯ ಮತ್ತು ಆಚಾರರ ಫೋನ್ ನಂಬರ್, ಕಲ್ಲಿನ ದೋಣಿಯ ಎಲೆಗಸ ಎಂದು ತೆಗೆಯಬೇಕು, ಎಲ್ಲವೂ ಅದರಲ್ಲಿದೆ. ಕೊನೆಯ ಹಾಳೆಗೆ ಆ ವೃತ್ತ ಮತ್ತು ಚುಕ್ಕಿಯ ಫೋಟೊ ಅಂಟಿಸಿ, ಕಲ್ಲು ಯಾವ ಗೋಡೆಯ ಎಷ್ಟನೇ ಸಾಲಿನದೆಂದು ಬರೆದಿದ್ದಾರೆ.

ತಂದೆ ತಾಯಿ ಕಟ್ಟಿದ ಮನೆಯನ್ನು ಮಾರುವುದು ತಪ್ಪಲ್ಲ. ಊರು ಬಿಟ್ಟು ಬದುಕು ಕಂಡುಕೊಂಡವರಿಗೆ ಅದು ಅನಿವಾರ್ಯವೂ ಹೌದು. ಆದರೆ ರಿಪೇರಿಯಾದ ಮನೆ ಮನೆಯಾಗಿ ಮಾರಾಟವಾಗುತ್ತದೆ, ಸೋರುವ ಮನೆ ಲೋಡುಗಟ್ಟಲೆ ಕಲ್ಲು ಮರವಾಗಿ ಮಾರಾಟವಾಗುತ್ತದೆ. ಆಲೂರು, ಸಕಲೇಶಪುರ, ಬೇಲೂರು ಸೀಮೆಯಲ್ಲಿ ನಿಮ್ಮದೂ ಒಂದು ಬೀಗ ಹಾಕಿದ ಮನೆಯಿದ್ದರೆ, ಮಾರುವ ಯೋಚನೆ ಇರಲಿ ಇಲ್ಲದಿರಲಿ, ಸುಣ್ಣದ ಕೆಲಸ ಬಲ್ಲ ಒಬ್ಬ ಮೇಸ್ತ್ರಿಯನ್ನು ಕರೆದುಕೊಂಡು ಒಮ್ಮೆ ಹೋಗಿ ಬನ್ನಿ. ಸಂದಿಗೆ ಸಿಮೆಂಟು ಮೆತ್ತಿಸಬೇಡಿ. ಜೂನ್ ಬರುವ ಮೊದಲು ಹೆಂಚು ಕೈಯಾಡಿಸಿ.